ಮೆಕ್ಕೆಜೋಳದ ಸುಳಿಯೊಳಗಿನ ಹುಳುವಿಗೆ ಯಾವ ಬೆಳಕು?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನವನು. ಕೃಷಿ ಡಿಪ್ಲೊಮಾ ಮುಗಿಸಿ ಸುತ್ತಲಿನ ಊರುಗಳ ರೈತರಿಗೆ ಬೆಳೆ ಸಲಹೆ ಕೊಡುತ್ತಿದ್ದೇನೆ. ಮೆಕ್ಕೆಜೋಳದ ಸುಳಿಯಲ್ಲಿ ಕೂತ ಹುಳುವಿನ ಚಿತ್ರ ತೆಗೆದು ತಜ್ಞರಿಗೆ ಕಳುಹಿಸಬೇಕಾಗುತ್ತದೆ. ಮೊಬೈಲಿನಲ್ಲಿ ತೆಗೆದರೆ ಮಸುಕು. ಅಣ್ಣನ ಕ್ಯಾನನ್ 1500ಡಿ ಕ್ಯಾಮೆರಾ ಮನೆಯಲ್ಲಿದೆ. ಹಳೆಯ ಟ್ಯಾಮ್ರಾನ್ 90 ಎಂಎಂ ಮ್ಯಾಕ್ರೊ ಲೆನ್ಸ್ ಒಂದನ್ನು ಕೊಂಡಿದ್ದೇನೆ. ದಾವಣಗೆರೆಯ ಅಂಗಡಿಯಲ್ಲಿ ಎರಡು ಸಾವಿರ ರೂಪಾಯಿಯೊಳಗಿನ ಎಲ್‌ಇಡಿ ರಿಂಗ್ ಒಂದನ್ನೂ ಒಂಬತ್ತು ಸಾವಿರದ ರಿಂಗ್ ಫ್ಲ್ಯಾಶ್ ಒಂದನ್ನೂ ತೋರಿಸಿದರು. ಎರಡೂ ಲೆನ್ಸಿನ ತುದಿಗೆ ಉಂಗುರದಂತೆ ಕೂರುವಂಥವು. ಕ್ಯಾನನ್‌ನದೇ ಫ್ಲ್ಯಾಶ್ ಕೊಳ್ಳುವಷ್ಟು ಹಣವಿಲ್ಲ. ಯಾವುದನ್ನು ಕೊಳ್ಳಲಿ? ರಿಂಗ್ ಫ್ಲ್ಯಾಶ್ ಹಾಕಿದರೆ ಚಿತ್ರ ಚಪ್ಪಟೆಯಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ಒಂಬತ್ತು ಸಾವಿರದ ಫ್ಲ್ಯಾಶನ್ನೇ ಕೊಳ್ಳಿ. ಆದರೆ ನಿಮ್ಮ ಕ್ಯಾಮೆರಾವನ್ನು ಅಂಗಡಿಗೆ ಒಯ್ದು, ಅದರ ಮೇಲೆಯೇ ಕೂರಿಸಿ, ಬೆಳಗುತ್ತದೆಯೇ ಎಂದು ನೋಡದೆ ಹಣ ಕೊಡಬೇಡಿ. ಬೇರೆ ಯಾವುದೇ ಮಾತಿಗಿಂತ ಇದನ್ನು ಮೊದಲು ಹೇಳಲು ಕಾರಣವಿದೆ.

ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗವನ್ನು ಹಾಟ್ ಶೂ ಎನ್ನುತ್ತೇವೆ. ಬಹುತೇಕ ಕ್ಯಾಮೆರಾಗಳಲ್ಲಿ ಅದರ ನಟ್ಟನಡುವೆ ಒಂದು ದೊಡ್ಡ ಲೋಹದ ಬಿಂದು ಇರುತ್ತದೆ. ಯಾವ ಕಂಪನಿಯ ಫ್ಲ್ಯಾಶ್ ಆದರೂ ಆ ಬಿಂದುವಿನ ಮೂಲಕ ‘ಈಗ ಬೆಳಗು’ ಎಂಬ ಸೂಚನೆ ಪಡೆಯುತ್ತದೆ. ನಿಮ್ಮ 1500ಡಿಯಲ್ಲಿ ಆ ಬಿಂದುವೇ ಇಲ್ಲ. 3000ಡಿ ಮತ್ತು 200ಡಿಯ ಎರಡನೇ ಆವೃತ್ತಿಯಲ್ಲೂ ಕ್ಯಾನನ್ ಅದನ್ನು ತೆಗೆದುಹಾಕಿದೆ. ಹಾಗಾಗಿ ನಡುವಿನ ಬಿಂದು ಒಂದನ್ನೇ ನಂಬಿದ ಸರಳ ಮ್ಯಾನುಯಲ್ ಫ್ಲ್ಯಾಶ್‌ಗಳು ನಿಮ್ಮ ಕ್ಯಾಮೆರಾದ ಮೇಲೆ ಸುಮ್ಮನೆ ಕೂತಿರುತ್ತವೆ. ಕ್ಯಾನನ್‌ನ ಟಿಟಿಎಲ್ (ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ಫ್ಲ್ಯಾಶಿನ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ) ಸಂಕೇತಗಳನ್ನು ಓದಬಲ್ಲ ಬೇರೆ ಕಂಪನಿಗಳ ಫ್ಲ್ಯಾಶ್‌ಗಳಲ್ಲೂ ಕೆಲವು ಬೆಳಗುತ್ತವೆ, ಕೆಲವು ಬೆಳಗುವುದಿಲ್ಲ. ಪೆಟ್ಟಿಗೆಯ ಮೇಲೆ ‘ಕ್ಯಾನನ್‌ಗೆ’ ಎಂದು ಅಚ್ಚಾಗಿದ್ದರೆ ಸಾಲದು, ಅಂಗಡಿಯವರ ಭರವಸೆಯೂ ಸಾಲದು. ಅವರು ತಮ್ಮ ಬೇರೆ ಕ್ಯಾಮೆರಾದಲ್ಲಿ ಬೆಳಗಿಸಿ ತೋರಿಸಿದರೆ ನಿಮಗೇನೂ ಉಪಯೋಗವಿಲ್ಲ.

ಅಂಗಡಿಯಲ್ಲೇ ಇನ್ನೊಂದು ಪರೀಕ್ಷೆ ಮಾಡಿ. ಕ್ಯಾಮೆರಾವನ್ನು ಮ್ಯಾನುಯಲ್‌ಗೆ ಹಾಕಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಎಫ್ 11, ಶಟರ್ 1/200 ಸೆಕೆಂಡ್ ಇಡಿ. ಲೆನ್ಸಿನ ಮುಂದೆ ಒಂದು ದಿನಪತ್ರಿಕೆಯ ಹಾಳೆಯನ್ನು ಹಿಡಿದು, ಯಾರಿಂದಲಾದರೂ ಅದನ್ನು ಮೆಲ್ಲಗೆ ಅಲುಗಾಡಿಸಿ ಚಿತ್ರ ತೆಗೆಯಿರಿ. ನಿಜವಾದ ಫ್ಲ್ಯಾಶ್ ಆಗಿದ್ದರೆ ಅಕ್ಷರಗಳು ಕಡಿದಿಟ್ಟ ಹಾಗೆ ಚೊಕ್ಕಟವಾಗಿ ಬರುತ್ತವೆ. ಎಲ್‌ಇಡಿ ರಿಂಗ್ ಆಗಿದ್ದರೆ ಚಿತ್ರ ಕಪ್ಪಾಗಿಯೋ ತೀರಾ ಮಬ್ಬಾಗಿಯೋ ಬರುತ್ತದೆ. ಬೆಳಕು ಸಾಲದೆಂದು ಶಟರ್ ನಿಧಾನ ಮಾಡಿದರೆ ಅಕ್ಷರಗಳು ಕಲಸಿಹೋಗುತ್ತವೆ. ಎಲ್‌ಇಡಿ ರಿಂಗ್‌ಗಳಲ್ಲೂ ಕೆಲವಕ್ಕೆ ‘ಫ್ಲ್ಯಾಶ್’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ದೀಪಗಳು ಅರೆಗಳಿಗೆ ಇನ್ನಷ್ಟು ಪ್ರಖರವಾಗುತ್ತವೆ, ಅಷ್ಟೇ. ನಿಜವಾದ ಫ್ಲ್ಯಾಶಿನ ಒಳಗೆ ಕ್ಸೆನಾನ್ ಅನಿಲ ತುಂಬಿದ ಗಾಜಿನ ನಳಿಗೆ ಇರುತ್ತದೆ. ಕಡಿಮೆ ಶಕ್ತಿಯಲ್ಲಿ ಅದು ಉರಿಯುವುದು ಸೆಕೆಂಡಿನ ಹಲವು ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಗಾಳಿಗೆ ತೂಗುವ ಗರಿಯ ಮೇಲಿನ ಹುಳುವನ್ನು ನಿಲ್ಲಿಸಿ ತೋರಿಸುವುದು ಈ ಕ್ಷಣಿಕತೆಯೇ ಹೊರತು ಶಟರ್ ಅಲ್ಲ. ವಿಡಿಯೊಗೆ ಎಲ್‌ಇಡಿ ರಿಂಗ್ ಒಳ್ಳೆಯದು. ನಿಮ್ಮ ಕೆಲಸಕ್ಕೆ ಅದು ಬೇಡ.

ಅಗ್ಗದ್ದೆಂದರೆ ದುರ್ಬಲವಾಗಿರುತ್ತದೆ ಎಂಬ ಅಳುಕೂ ಬೇಡ. ಕ್ಯಾನನ್‌ನ ದುಬಾರಿ ರಿಂಗ್ ಫ್ಲ್ಯಾಶ್ ಎಂಆರ್-14ಇಎಕ್ಸ್ ಎರಡನೇ ಆವೃತ್ತಿಯ ಗೈಡ್ ನಂಬರ್ (ಫ್ಲ್ಯಾಶಿನ ಬಲ ತೋರಿಸುವ ಅಂಕಿ; ಎಫ್ ಅಂಕಿಯನ್ನು ಮೀಟರ್ ಲೆಕ್ಕದ ದೂರದಿಂದ ಗುಣಿಸಿದಾಗ ಬರುವುದು) 14, ಅಗ್ಗದ ಯೊಂಗ್ನುವೊ ವೈಎನ್-14ಇಎಕ್ಸ್‌ನದೂ 14. ನಿಮಗೆ ಬೇಕಾದದ್ದು ಅದರ ಚೂರು ಪಾಲು. ಲೆಕ್ಕ ಹಾಕಿ ನೋಡಿ: ಲೆನ್ಸನ್ನು 1:1ಕ್ಕೆ (ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಹುಳುವಿನ ಬಿಂಬ ನಿಜ ಗಾತ್ರದಲ್ಲೇ ಮೂಡುವಷ್ಟು) ಚಾಚಿದಾಗ ಎಫ್ 11 ಎಂದು ತೋರಿಸುವ ಅಪರ್ಚರ್ ಬೆಳಕಿನ ಮಟ್ಟಿಗೆ ಎಫ್ 22ರಂತೆ ವರ್ತಿಸುತ್ತದೆ. ಹುಳು ಇರುವುದು ಲೆನ್ಸಿನ ತುದಿಯಿಂದ ಸುಮಾರು 10 ಸೆಂಟಿಮೀಟರ್ ದೂರದಲ್ಲಿ. 22ನ್ನು 0.1 ಮೀಟರಿನಿಂದ ಗುಣಿಸಿದರೆ ಬರುವುದು 2.2. ಗೈಡ್ ನಂಬರ್ ಇಳಿಯುವುದು ಶಕ್ತಿಯ ವರ್ಗಮೂಲದ ಲೆಕ್ಕದಲ್ಲಿ, ಅಂದರೆ ಹದಿನಾಲ್ಕರ ಫ್ಲ್ಯಾಶನ್ನು 1/32 ಶಕ್ತಿಗೆ ಇಳಿಸಿದರೂ ಕಾಗದದ ಮೇಲಿನ ಲೆಕ್ಕ ಸರಿಹೋಗುತ್ತದೆ. ಇಷ್ಟು ಹತ್ತಿರದಲ್ಲಿ ಉಂಗುರದ ಬೆಳಕು ಈ ಲೆಕ್ಕಕ್ಕೆ ಪೂರ್ತಿ ಒಗ್ಗುವುದಿಲ್ಲ, ಮೇಲೆ ಬಟರ್ ಪೇಪರ್ ಬೇರೆ ಹೊದಿಸಬೇಕು. ಆದ್ದರಿಂದ 1/8ರಿಂದ ಶುರು ಮಾಡಿ, ಚಿತ್ರ ನೋಡಿ ಒಂದು ಮೆಟ್ಟಿಲು ಮೇಲೋ ಕೆಳಗೋ ಹೋಗಿ. ದುಬಾರಿ ಫ್ಲ್ಯಾಶಿನಲ್ಲಿ ಸಿಗುವುದು ಗಟ್ಟಿಮುಟ್ಟಾದ ಮೈ, ನಿಖರವಾದ ಟಿಟಿಎಲ್, ಮತ್ತು ನಿಮ್ಮ ಕ್ಯಾಮೆರಾದಲ್ಲಿ ಬೆಳಗೇ ಬೆಳಗುತ್ತದೆ ಎಂಬ ಖಾತರಿ. ಬೆಳಕಿನ ಮಟ್ಟಿಗೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ.

ಇನ್ನು ಚಪ್ಪಟೆಯ ಮಾತು. ನಿಮ್ಮ ಗೆಳೆಯರು ಹೇಳಿದ್ದು ನಿಜ. ಆದರೆ ನಿಮ್ಮ ಅರ್ಧ ಕೆಲಸಕ್ಕೆ ಆ ದೋಷವೇ ವರ. ರಿಂಗ್ ಫ್ಲ್ಯಾಶನ್ನು 1952ರಲ್ಲಿ ಲೆಸ್ಟರ್ ಡೈನ್ ಎಂಬವರು ರೂಪಿಸಿದ್ದು ಹೂವಿಗಾಗಿಯೂ ಅಲ್ಲ, ಕೀಟಕ್ಕಾಗಿಯೂ ಅಲ್ಲ, ಹಲ್ಲಿನ ಚಿತ್ರ ತೆಗೆಯುವುದಕ್ಕಾಗಿ. ದಂತ ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದವಡೆಯ ಹಲ್ಲಿನ ಚಿತ್ರ ಬೇಕೆಂದಾಗ ಮೇಲಿನಿಂದಲೋ ಪಕ್ಕದಿಂದಲೋ ಬೆಳಕು ಬಿಟ್ಟರೆ ತುಟಿಯ, ಕೆನ್ನೆಯ ನೆರಳು ಒಳಗೆ ಬೀಳುತ್ತದೆ. ಲೆನ್ಸು ನೋಡುವ ದಾರಿಯಲ್ಲೇ ಬೆಳಕೂ ಹೋದರೆ ಮಾತ್ರ ಒಳಗಿನದು ಕಾಣುತ್ತದೆ. ಮೆಕ್ಕೆಜೋಳದ ಸುಳಿಯೂ ತೆರೆದ ಬಾಯಿಯಂಥದ್ದೇ. ಸುತ್ತ ಎತ್ತರದ ಗರಿಗಳು, ನಡುವೆ ಕಿರಿದಾದ ಆಳ, ತಳದಲ್ಲಿ ಮರದ ಹೊಟ್ಟಿನಂಥ ಹಿಕ್ಕೆ, ಅದರೊಳಗೆ ಹುಳು. ಕ್ಯಾಮೆರಾದ ಸ್ವಂತ ಪುಟ್ಟ ಫ್ಲ್ಯಾಶ್ ಇಲ್ಲಿ ಸೋಲುತ್ತದೆ, ಲೆನ್ಸಿನ ಕೊಳವೆಯ ನೆರಳೇ ಸುಳಿಯನ್ನು ಮುಚ್ಚುತ್ತದೆ. ಮದುವೆ ಫೋಟೊದವರ ದೊಡ್ಡ ಫ್ಲ್ಯಾಶೂ ಸೋಲುತ್ತದೆ. ಈ ಕೆಲಸಕ್ಕೆ ರಿಂಗ್ ಫ್ಲ್ಯಾಶಿಗೆ ಸರಿಸಾಟಿಯಾದ ಅಗ್ಗದ ಸಾಧನ ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹುಳು ಬಯಲಿಗೆ ಬಂದು ಗರಿಯ ಮೇಲೆ ಕೂತಾಗ ಮಾತ್ರ ಮಾತು ಬೇರೆ. ಆಗ ಸುತ್ತಲಿನ ಸಮಬೆಳಕು ಮೈಯ ಉಬ್ಬುತಗ್ಗುಗಳನ್ನೆಲ್ಲ ಅಳಿಸಿಬಿಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಹೊಳಪು. ಹುಳುವಿನ ತಲೆ ನುಣುಪಾದ ಚಿಪ್ಪು. ಉಂಗುರಾಕಾರದ ಬೆಳಕು ಅದರ ಮೇಲೆ ಬಿಳಿಯ ಬಳೆಯಾಗಿ ಮೂಡುತ್ತದೆ. ನಿಮಗೆ ಬೇಕಾದ ಗುರುತೂ ಅಲ್ಲೇ ಇರುವುದು!

ಆ ಗುರುತಿನ ವಿಷಯ ನಿಮಗೆ ಗೊತ್ತಿರುತ್ತದೆ, ಆದರೂ ಚಿತ್ರದ ದೃಷ್ಟಿಯಿಂದ ಒಮ್ಮೆ ನೋಡೋಣ. ಅಮೆರಿಕ ಖಂಡದಿಂದ ಬಂದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಬಲಿತ ಹುಳುವಿನ ಹಣೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ತಿಳಿ ಗೆರೆ ಇರುತ್ತದೆ. ಅದೊಂದನ್ನೇ ನಂಬಿ ತೀರ್ಮಾನ ಮಾಡುವಂತಿಲ್ಲ, ಬೇರೆ ಹುಳುಗಳಲ್ಲೂ ಅಂಥ ಗೆರೆ ಮಸುಕಾಗಿ ಕಾಣುವುದುಂಟು. ಅದರ ಜೊತೆಗೆ ಹಿಂತುದಿಯ ಬಳಿ, ಹೊಟ್ಟೆಯ ಎಂಟನೇ ಖಂಡದ ಮೇಲೆ, ಚೌಕದ ನಾಲ್ಕು ಮೂಲೆಗಳಂತೆ ನಾಲ್ಕು ದಪ್ಪ ಕಪ್ಪು ಚುಕ್ಕೆಗಳಿರಬೇಕು. ಅದರ ಮುಂದಿನ ಖಂಡಗಳಲ್ಲೂ ನಾಲ್ಕು ಚುಕ್ಕೆಗಳಿರುತ್ತವೆ, ಆದರೆ ಅಲ್ಲಿ ಎರಡು ಹತ್ತಿರ, ಎರಡು ದೂರ. ನಿಮ್ಮ ಚಿತ್ರ ಈ ಎರಡು ಗುರುತುಗಳನ್ನು ತೋರಿಸದಿದ್ದರೆ, ಎಷ್ಟೇ ಅಂದವಾಗಿದ್ದರೂ ತಜ್ಞರಿಗೆ ಅದು ಕೇವಲ ‘ಒಂದು ಹುಳು’.

ಹೊಳಪಿನ ಬಳೆಯನ್ನು ತೆಗೆಯುವ ದಾರಿ ಮೂರು. ಮೊದಲನೆಯದು ಖರ್ಚಿಲ್ಲದ್ದು: ರಿಂಗ್ ಫ್ಲ್ಯಾಶಿನ ಒಳಗೆ ಎಡಕ್ಕೊಂದು ಬಲಕ್ಕೊಂದು ಅರ್ಧವೃತ್ತದ ನಳಿಗೆಗಳಿರುತ್ತವೆ. ಒಂದನ್ನು ಪೂರ್ತಿ ಆರಿಸುವ, ಅಥವಾ ಎರಡರ ನಡುವೆ ಒಂದಕ್ಕೆ ನಾಲ್ಕು, ಒಂದಕ್ಕೆ ಎಂಟು ಎಂಬಂತೆ ಪಾಲು ಮಾಡುವ ಸೌಲಭ್ಯ ಇರುವುದನ್ನೇ ಕೊಳ್ಳಿ. ಗರಿಯ ಮೇಲಿನ ಹುಳುವಿಗೆ ಒಂದಕ್ಕೆ ನಾಲ್ಕರ ಪಾಲು ಇಡಿ. ಒಂದು ಮಗ್ಗುಲಿಗೆ ಮೆದುವಾದ ನೆರಳು ಬಿದ್ದು, ಮೈಯ ಮೇಲಿನ ಗುಳಿ, ಕೂದಲು, ಖಂಡಗಳ ನಡುವಿನ ಮಡಿಕೆ ಎಲ್ಲ ಎದ್ದು ಕಾಣುತ್ತವೆ. ಚಪ್ಪಟೆಯ ದೂರು ಮುಕ್ಕಾಲು ಪಾಲು ಇಲ್ಲಿಗೇ ಮುಗಿಯುತ್ತದೆ.

ಎರಡನೆಯದು ಬಟರ್ ಪೇಪರ್. ಉಂಗುರದ ಅಳತೆಗೆ ನಡುವೆ ತೂತು ಬಿಟ್ಟು ಎರಡು ಪದರ ಕತ್ತರಿಸಿಕೊಳ್ಳಿ. ಉಂಗುರಕ್ಕೆ ಅಂಟಿಸಿದಂತೆ ಹೊದಿಸಿದರೆ ಏನೂ ಬದಲಾಗುವುದಿಲ್ಲ. ಕಾಗದ ಫ್ಲ್ಯಾಶಿನಿಂದ ಒಂದೆರಡು ಸೆಂಟಿಮೀಟರ್ ಮುಂದೆ ನಿಲ್ಲಬೇಕು ಮತ್ತು ಉಂಗುರಕ್ಕಿಂತ ಅಗಲವಾಗಿರಬೇಕು, ಆಗ ಬೆಳಕಿನ ಮೂಲವೇ ದೊಡ್ಡದಾಗುತ್ತದೆ. ಎಲೆಕ್ಟ್ರಾನಿಕ್ ಸಾಮಾನುಗಳ ಜೊತೆ ಬರುವ ತೆಳ್ಳನೆಯ ಬಿಳಿ ಫೋಮ್ ಹಾಳೆಯೂ ಆಗುತ್ತದೆ. ಹತ್ತು ರೂಪಾಯಿಯ ಈ ಕಾಗದ ಮಾಡುವ ವ್ಯತ್ಯಾಸವನ್ನು ಹೊಸ ಲೆನ್ಸು ಮಾಡಲಾರದು. ಇದನ್ನು ನಾನು ಎಷ್ಟು ಜನರಿಗೆ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಬೆಳಕು ಮೆದುವಾಗುವುದು ಅದು ದುರ್ಬಲವಾಗುವುದರಿಂದ ಅಲ್ಲ, ಹುಳುವಿನ ಕಣ್ಣಳತೆಗೆ ಅದು ಅಗಲವಾಗುವುದರಿಂದ.

ಮೂರನೆಯದು ದಂತ ವೈದ್ಯರೂ ಬಳಸುವ ವಿಧಾನ. ಪೋಲರೈಸಿಂಗ್ ಫಿಲ್ಮಿನ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ) ಹಾಳೆಯನ್ನು ಉಂಗುರದ ಮುಂದೆ ಕಟ್ಟಿ, ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ, ಹೊಳಪು ಪೂರ್ತಿ ಮಾಯವಾಗುವವರೆಗೆ ಫಿಲ್ಟರನ್ನು ತಿರುಗಿಸುವುದು. ಹಣೆಯ ಗೆರೆ, ಚುಕ್ಕೆಗಳ ಬಣ್ಣ ಬೆರಗಾಗುವಷ್ಟು ಸ್ಪಷ್ಟವಾಗಿ ಬರುತ್ತವೆ. ಬೆಳಕು ಮಾತ್ರ ಎರಡು ಸ್ಟಾಪಿಗಿಂತ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡರಷ್ಟು) ಹೆಚ್ಚು ಸೋರಿಹೋಗುತ್ತದೆ, ಆದ್ದರಿಂದ ಫ್ಲ್ಯಾಶನ್ನು 1/2ರವರೆಗೆ ಏರಿಸಬೇಕಾದೀತು. ಮೊದಲ ಎರಡು ದಾರಿ ಕೈಗೆ ಕೂತ ಮೇಲೆ ಇದರ ಬಗ್ಗೆ ಯೋಚಿಸಿ.

ಕ್ಯಾಮೆರಾದ ಹೊಂದಿಕೆ ಸುಲಭ. ಅಂಗಡಿಯಲ್ಲಿ ಇಟ್ಟ ಅಂಕಿಗಳನ್ನೇ ಇಟ್ಟುಕೊಳ್ಳಿ: ಐಎಸ್‌ಒ 100, ಎಫ್ 11, 1/200. ಫ್ಲ್ಯಾಶೂ ಮ್ಯಾನುಯಲ್‌ನಲ್ಲಿರಲಿ. ಟಿಟಿಎಲ್ ಎಲ್ಲವನ್ನೂ ನಡುವಣ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಂದು-ಕಪ್ಪು ಹುಳು ಚೌಕಟ್ಟು ತುಂಬಿದರೆ ಬೆಳಕು ಹೆಚ್ಚಾಗಿ ಬಣ್ಣ ಬಿಳಿಚಿಕೊಳ್ಳುತ್ತದೆ, ಬಿಳಿ ಮೊಟ್ಟೆಗಳ ಗುಂಪಾದರೆ ಕಪ್ಪಿಡುತ್ತದೆ. ಮ್ಯಾಕ್ರೊದಲ್ಲಿ ಒಂದು ಅನುಕೂಲವಿದೆ. ಲೆನ್ಸನ್ನು 1:1ಕ್ಕೆ ನಿಲ್ಲಿಸಿದರೆ ಹುಳುವಿನ ದೂರವೂ ತಾನಾಗಿ ನಿಗದಿಯಾಗುತ್ತದೆ. ದೂರ ಬದಲಾಗದಿದ್ದರೆ ಬೆಳಕೂ ಬದಲಾಗದು. ಒಮ್ಮೆ ಹೊಂದಿಸಿದ ಶಕ್ತಿ ಇಡೀ ಬೆಳಗಿಗೆ ನಡೆಯುತ್ತದೆ. 1:2ಕ್ಕೆ ಬಂದಾಗ ಸುಮಾರು ಒಂದು ಸ್ಟಾಪ್ ಏರಿಸಿದರೆ ಸಾಕು.

ಎಫ್ 11ರಲ್ಲಿ, 1:1ಕ್ಕೆ ಚಾಚಿದಾಗ, ನಿಮ್ಮ ಕ್ಯಾಮೆರಾದ ಎಪಿಎಸ್-ಸಿ (ಸುಮಾರು 22 ಮಿಲಿಮೀಟರ್ ಅಗಲದ) ಸೆನ್ಸರಿಗೆ ಸ್ಪಷ್ಟವಾಗಿ ಸಿಗುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಎಫ್ 22ಕ್ಕೆ ಇಳಿಸಿದರೆ ಆಳ ಹೆಚ್ಚುತ್ತದೆ ನಿಜ, ಆದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಬಾಗಿ ಹರಡುವ ವಿವರ್ತನೆಯಿಂದಾಗಿ ಚಿತ್ರವೆಲ್ಲ ಮೆತ್ತಗಾಗುತ್ತದೆ. ಅದಕ್ಕಿಂತ ಒಳ್ಳೆಯ ಉಪಾಯ ಸ್ವಲ್ಪ ಹಿಂದೆ ಸರಿಯುವುದು. 1:2ರಲ್ಲಿ ಅದೇ ಎಫ್ 11ಕ್ಕೆ ಆಳ ಎರಡೂವರೆ ಮಿಲಿಮೀಟರಿನಷ್ಟಾಗುತ್ತದೆ. ಬಲಿತ ಹುಳು ಮೂರರಿಂದ ನಾಲ್ಕು ಸೆಂಟಿಮೀಟರ್ ಉದ್ದ. 1:1ರಲ್ಲಿ ಚೌಕಟ್ಟಿನ ಅಗಲ 22 ಮಿಲಿಮೀಟರ್ ಮಾತ್ರ, ಹುಳು ಹಿಡಿಯುವುದೇ ಇಲ್ಲ. ಇಡೀ ಮೈಗೆ 1:2, ಹಣೆಗೂ ಬಾಲದ ಚುಕ್ಕೆಗಳಿಗೂ 1:1 ಎಂದು ಇಟ್ಟುಕೊಳ್ಳಿ. ಬೆನ್ನಿನ ಚಿತ್ರಕ್ಕೆ ಸೆನ್ಸರ್ ಹುಳುವಿನ ಬೆನ್ನಿಗೆ ಸಮಾನಾಂತರವಾಗಿರಲಿ, ಸಿಕ್ಕ ಎರಡೂವರೆ ಮಿಲಿಮೀಟರ್ ತಲೆಯಿಂದ ಬಾಲದವರೆಗೂ ಹರಡಿಕೊಳ್ಳುತ್ತದೆ.

ಆಟೊ ಫೋಕಸ್ ಮರೆತುಬಿಡಿ. ನಿಮ್ಮ ಹಳೆಯ 90 ಎಂಎಂ ಲೆನ್ಸು ಹತ್ತಿರಕ್ಕೆ ಫೋಕಸ್ ಮಾಡುವಾಗ ಮೂತಿಯನ್ನು ಮುಂದಕ್ಕೆ ಚಾಚುವ ಜಾತಿಯದಾದರೆ, ತುದಿಯಲ್ಲಿ ಫ್ಲ್ಯಾಶಿನ ಭಾರ ತೂಗುತ್ತಿರುವಾಗ ಮೋಟಾರಿನಿಂದ ಅದನ್ನು ಓಡಿಸುವುದು ಲೆನ್ಸಿಗೆ ಹಿಂಸೆ. ಕೊಳವೆಯ ಮೇಲೆ ಬರೆದ ಅನುಪಾತ ನೋಡಿ ಕೈಯಿಂದ ತಿರುಗಿಸಿ ನಿಲ್ಲಿಸಿ. ಆಮೇಲೆ ಇಡೀ ಕ್ಯಾಮೆರಾವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ, ಹಣೆಯ ಗೆರೆ ಸ್ಪಷ್ಟವಾದ ಕ್ಷಣಕ್ಕೆ ಗುಂಡಿ ಒತ್ತಿ. ಎಡಗೈಯಿಂದ ಗರಿಯನ್ನು ಹಿಡಿದು ಅದೇ ಕೈಯ ಮೇಲೆ ಲೆನ್ಸನ್ನು ಊರಿದರೆ ಗರಿ, ಹುಳು, ಕ್ಯಾಮೆರಾ ಮೂರೂ ಒಟ್ಟಿಗೆ ತೂಗುತ್ತವೆ, ಗಾಳಿಯ ಕಾಟ ಅರ್ಧ ಕಳೆಯುತ್ತದೆ. ಸುಳಿಯೊಳಗೆ ಫೋಕಸ್ ಕಾಣದಷ್ಟು ಕತ್ತಲಿದ್ದರೆ ರಿಂಗ್ ಫ್ಲ್ಯಾಶಿನಲ್ಲೇ ಇರುವ ಪುಟ್ಟ ಸಹಾಯಕ ದೀಪಗಳನ್ನು ಹೊತ್ತಿಸಿಕೊಳ್ಳಿ. ಲೆನ್ಸಿನ ಫಿಲ್ಟರ್ ಅಳತೆಗೆ ಹೊಂದುವ ಅಡಾಪ್ಟರ್ ಉಂಗುರ ಪೆಟ್ಟಿಗೆಯಲ್ಲಿದೆಯೇ ಎಂದು ಕೊಳ್ಳುವಾಗಲೇ ನೋಡಿ.

ನಮ್ಮ ಬಯಲುಸೀಮೆಯ ಬಿಸಿಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನೆತ್ತಿಯ ಬಿಸಿಲಿಗೆ ಐಎಸ್‌ಒ 100, ಎಫ್ 11, 1/200 ಎಂಬುದು ಫ್ಲ್ಯಾಶ್ ಇಲ್ಲದೆಯೇ ಸರಿಯಾದ ಹೊಂದಿಕೆ. 1:1ರಲ್ಲಿ ಲೆನ್ಸು ಎರಡು ಸ್ಟಾಪ್ ಬೆಳಕು ಕಳೆದರೂ ಬಿಸಿಲಿನ ಕಾಲು ಭಾಗ ಚಿತ್ರದೊಳಕ್ಕೆ ನುಗ್ಗುತ್ತದೆ. ಫ್ಲ್ಯಾಶ್ ಹುಳುವನ್ನು ನಿಲ್ಲಿಸುತ್ತದೆ, ಬಿಸಿಲು ಅದರ ಪಕ್ಕದಲ್ಲಿ ಒಂದು ಅಲುಗಿದ ನೆರಳಚ್ಚನ್ನು ಮೂಡಿಸುತ್ತದೆ. ಫ್ಲ್ಯಾಶ್ ಕೆಟ್ಟಿದೆ ಎಂದು ಹಲವರು ಮರಳಿಸಲು ಹೋಗುವುದು ಇದನ್ನು ನೋಡಿಯೇ. ಒಂದು ಕೊಡೆ ಹಿಡಿಸಿ, ಇಲ್ಲವೇ ಹೊತ್ತು ಏರುವ ಮುನ್ನ ಹೊಲಕ್ಕೆ ಹೋಗಿ. ಹಗಲು ಸುಳಿಯ ತಳ ಸೇರುವ ಹುಳು ಮುಂಜಾನೆ ಮತ್ತು ಮುಸ್ಸಂಜೆ ಹೊರಗೆ ಸಿಗುವುದೂ ಹೆಚ್ಚು.

ನೆರಳಿನಲ್ಲಿ ತೆಗೆದಾಗ ಹಿನ್ನೆಲೆ ಕಪ್ಪಾಗುತ್ತದೆ. ಫ್ಲ್ಯಾಶಿನಿಂದ 10 ಸೆಂಟಿಮೀಟರ್ ದೂರದ ಹುಳುವಿಗೆ ಬಿದ್ದ ಬೆಳಕಿನಲ್ಲಿ 50 ಸೆಂಟಿಮೀಟರ್ ದೂರದ ಗರಿಗೆ ತಲುಪುವುದು ಇಪ್ಪತ್ತೈದರಲ್ಲಿ ಒಂದು ಪಾಲು. ಗುರುತಿಸುವ ಕೆಲಸಕ್ಕೆ ಕಪ್ಪು ಹಿನ್ನೆಲೆ ಅಡ್ಡಿಯಲ್ಲ. ಹಸಿರು ಬೇಕೆಂದರೆ ಹುಳುವಿನ ಹಿಂದೆಯೇ, ಮೂರು ನಾಲ್ಕು ಬೆರಳು ದೂರದಲ್ಲಿ ಇನ್ನೊಂದು ಗರಿಯನ್ನು ಬಾಗಿಸಿ ಹಿಡಿಯಿರಿ.

ಮರಿಹುಳುಗಳು ಹಸಿರನ್ನು ಕೆರೆದು ತಿಂದು ಗರಿಯ ಮೇಲೆ ಉಳಿಸುವ ಪಾರದರ್ಶಕ ಪೊರೆಯ ಚಿತ್ರಕ್ಕೆ ಮುಂದಿನಿಂದ ಬೆಳಕು ಬಿಟ್ಟರೆ ಏನೂ ಕಾಣದು. ಉಂಗುರವನ್ನು ಲೆನ್ಸಿನಿಂದ ಕಳಚಿ, ತಂತಿ ಇರುವಷ್ಟು ಚಾಚಿ, ಗರಿಯ ಹಿಂದೆ ಹಿಡಿದು ಬೆಳಗಿಸಿ. ಕೆರೆದ ಜಾಗಗಳೆಲ್ಲ ಕಿಟಕಿಗಳಂತೆ ತೆರೆದುಕೊಳ್ಳುತ್ತವೆ. ರಿಂಗ್ ಫ್ಲ್ಯಾಶ್ ಲೆನ್ಸಿಗೇ ಅಂಟಿರಬೇಕೆಂಬ ನಿಯಮವೇನಿಲ್ಲ.

ಬ್ಯಾಟರಿಗೆ ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನು ಕೊಳ್ಳಿ. ಹಳೆಯ ಫಿಲ್ಮ್ ಕಾಲದ ರಿಂಗ್ ಫ್ಲ್ಯಾಶ್ ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಬೇಡವೆನ್ನಿ. ಅಂಥ ಕೆಲವು ಫ್ಲ್ಯಾಶ್‌ಗಳ ಟ್ರಿಗರ್ ವೋಲ್ಟೇಜ್ ನೂರಾರು ವೋಲ್ಟ್ ಇದ್ದು, ಡಿಜಿಟಲ್ ಕ್ಯಾಮೆರಾದ ಒಳಗನ್ನೇ ಸುಡಬಲ್ಲದು.

ಇದು ನಿಮ್ಮ ಆರೋಗ್ಯದ ಮಾತು, ದಯವಿಟ್ಟು ಗಮನವಿಟ್ಟು ಓದಿ. ಸೈನಿಕ ಹುಳುವಿಗೆ ಔಷಧಿಯನ್ನು ಸುಳಿಗೇ ಬೀಳುವಂತೆ ಸಿಂಪಡಿಸುತ್ತಾರೆ. ನೀವು ಮುಖವಿಡುವುದೂ ಅದೇ ಸುಳಿಯ ಮೇಲೆ, ಒಂದು ಗೇಣಿನ ದೂರದಲ್ಲಿ. ಯಾವಾಗ, ಏನು ಸಿಂಪಡಿಸಿದ್ದಾರೆ ಎಂದು ರೈತರನ್ನು ಕೇಳದೆ ಹೊಲಕ್ಕೆ ಇಳಿಯಬೇಡಿ. ಸಿಂಪಡಿಸಿದ್ದು ಇತ್ತೀಚೆಗಾದರೆ ಆ ದಿನ ಚಿತ್ರ ಬೇಡ. ಬೇರೆ ದಿನವಾದರೂ ಕೈಗವಸು ಹಾಕಿ, ಮನೆಗೆ ಬಂದ ಮೇಲೆ ಫ್ಲ್ಯಾಶಿನ ಮುಖವನ್ನೂ ಲೆನ್ಸಿನ ಅಂಚನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಬಟರ್ ಪೇಪರನ್ನು ಎಸೆದು ಹೊಸದು ಕತ್ತರಿಸಿಕೊಳ್ಳಿ.

ಕೊನೆಗೆ ಚಿತ್ರ ಕಳುಹಿಸುವ ಬಗೆ. ಗಿಡದ ಹಾನಿ ಕಾಣುವ ಒಂದು, ಸುಳಿಯೊಳಗಿನ ಹುಳು ಹಿಕ್ಕೆ ಸಮೇತ ಒಂದು, ಗ್ರಾಫ್ ಕಾಗದದ ಪಕ್ಕದಲ್ಲಿ ಇಡೀ ಹುಳು ಒಂದು, ಹಣೆ ಒಂದು, ಬಾಲದ ಚುಕ್ಕೆಗಳು ಒಂದು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಿ ಅಥವಾ ಬೇರೆ ತಜ್ಞರಿಗೆ ಕಳುಹಿಸಿ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಸೇರಿಸದೆ ಡಾಕ್ಯುಮೆಂಟ್ ಎಂದು ಸೇರಿಸಿ. ಫೋಟೊ ಎಂದು ಕಳುಹಿಸಿದರೆ ಚಿತ್ರ ಕುಗ್ಗಿ, ಎರಡೂವರೆ ಮಿಲಿಮೀಟರ್ ಅಗಲದ ಹಣೆಯ ಮೇಲಿನ ಗೆರೆ ದಾರಿಯಲ್ಲೇ ಅಳಿಸಿಹೋಗುತ್ತದೆ. ಜೊತೆಗೆ ಊರು, ತಾರೀಖು, ಬಿತ್ತಿ ಎಷ್ಟು ದಿನವಾಯಿತು, ಹಿಂದೆ ಏನು ಸಿಂಪಡಿಸಿದ್ದಾರೆ ಎಂಬುದನ್ನೂ ಬರೆಯಿರಿ.